ಒಂದೇ ಕೈಗೆ ಹತ್ತಿದ ಕಪ್ಪು

ಸವಾರನೂ ಸೇರಿ ಆ ಕುದುರೆ ಒಂದೂವರೆ ಇಂಚು. ಬೆಂಗಳೂರಿನಲ್ಲಿ ಓದುವ ಅಕ್ಕನ ಮಗ ದಸರೆ ರಜೆಗೆ ಬೀದರಿನ ನಮ್ಮ ಕೊಳಾರಕ್ಕೆ ಬಂದಾಗ ಇಂಥ ನಲವತ್ತು ಕಾಯಿಗಳನ್ನು ಹತ್ತಿಯಲ್ಲಿ ಸುತ್ತಿ ಟಿಫಿನ್ ಡಬ್ಬಿಯಲ್ಲಿಟ್ಟು ತಂದಿದ್ದ. ಈಟಿ ಹಿಡಿದವರು, ಡೋಲು ಬಾರಿಸುವವನು, ಬಾವುಟದವನು. ಮೇಜಿನ ಮೇಲೆ ಎರಡು ದಂಡು ಹೂಡಿ, ಟೇಪು ಹಿಡಿದು ನಡೆ ಅಳೆದು, ದಾಳ ಉರುಳಿಸಿ ಆಡುವ ಆಟ. ಕೊಂಡಾಗ ಕಾಯಿಗಳೆಲ್ಲ ಬೂದು ಪ್ಲಾಸ್ಟಿಕ್ಕು. ಬಣ್ಣ ಹಚ್ಚುವುದು ಆಡುವವನ ಪಾಲಿನ ಕೆಲಸ.

ಅದು ಎಷ್ಟು ದೊಡ್ಡ ಕೆಲಸವೆಂದು ಅವನು ಹೇಳಿದ ಮೇಲೆಯೇ ನನಗೆ ತಿಳಿದದ್ದು. ಮೊದಲು ಒಂದು ಕೈ ಪ್ರೈಮರ್, ಅದರ ಮೇಲೆ ಮೂಲ ಬಣ್ಣ. ಅದು ಆರಿದ ಮೇಲೆ ಬಟ್ಟೆಯ ನಿರಿಗೆಗಳಲ್ಲಿ ನೆರಳು ಕೂರಲೆಂದು ತೆಳ್ಳಗಿನ ಕಪ್ಪು ನೀರು. ಅದೂ ಆರಿದ ಮೇಲೆ ಮೂಗು, ಮೊಣಕಾಲು, ಜೂಲಿನ ಎಳೆಗಳ ಮೇಲೆ ಒಣಕುಂಚದಿಂದ ತಿಳಿ ಬಣ್ಣ. ಒಬ್ಬ ಸೈನಿಕನಿಗೆ ಒಂದು ಸಂಜೆ ಹಿಡಿಯುತ್ತದೆ. ಅದಕ್ಕೇ ಎಷ್ಟೋ ಹುಡುಗರ ಸೈನ್ಯ ಬಣ್ಣ ಕಾಣದೆ ಬೂದಾಗಿಯೇ ಕಾದಾಡುತ್ತದಂತೆ.

ಈ ಸಲ ಅವನ ಹತ್ತಿರ ಹೊಸ ಬಗೆಯ ಬಣ್ಣದ ಶೀಶೆಯಿತ್ತು. ಕೆನೆಬಣ್ಣದ ಪ್ರೈಮರ್ ಹೊಡೆದ ಕುದುರೆಯ ಬೆನ್ನಿಗೆ ಕುಂಚದ ತುಂಬ ಕಂದು ಅದ್ದಿ ಇಳಿಸಿದ. ಬಣ್ಣ ಒಂದು ಕ್ಷಣ ಮಂದವಾಗಿ ನಿಂತು, ಆಮೇಲೆ ತಾನೇ ಹೊರಟಿತು. ಜೂಲಿನ ಸಂದಿಗೆ ಇಳಿಯಿತು, ಜೀನಿನ ಅಂಚಿಗೆ ಸರಿಯಿತು, ಹೊಟ್ಟೆಯ ಕೆಳಗೆ ಸೇರಿ ಗಾಢವಾಯಿತು. ಬೆನ್ನಿನ ಉಬ್ಬಿನ ಮೇಲೆ ಉಳಿದದ್ದು ಪೊರೆಯಷ್ಟು. ಅಲ್ಲಿ ಕೆಳಗಿನ ಕೆನೆಬಣ್ಣ ಇಣುಕಿತು. ನೆರಳು, ಮೈಬಣ್ಣ, ಬೆಳಕು ಮೂರೂ ಒಂದೇ ಕೈಗೆ ಮುಗಿದವು. ಎರಡು ನಿಮಿಷವೂ ಆಗಿರಲಿಲ್ಲ.

"ನೋಡ್ರಿ ಮಾಮ, ಇದು ತನ್ನ ಜಾಗ ತಾನೇ ಹುಡುಕ್ಕೋತದ" ಅಂದ.

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಪಿಯು ಕಾಲೇಜಿನಲ್ಲಿ ಮೂವತ್ತೊಂದು ವರ್ಷ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ತನ್ನ ಜಾಗ ತಾನೇ ಹುಡುಕಿಕೊಳ್ಳುವ ಬಣ್ಣವೊಂದು ನಮ್ಮ ಊರಲ್ಲೇ ಇದೆ, ಶತಮಾನಗಳಿಂದ ಇದೆ, ನಾನು ಅದರ ಪಕ್ಕದಲ್ಲೇ ಓಡಾಡಿದ್ದೇನೆ. ಅದು ಹೇಗೆ ಸಿಕ್ಕಿತು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಮೊದಲು ಅವನ ಶೀಶೆಯ ಕತೆಯನ್ನು ಹೇಳಿಬಿಡುತ್ತೇನೆ, ಅದು ಚಿಕ್ಕದು. ದೊಡ್ಡ ದಂಡು ಕಟ್ಟುವ ಆಟಗಾರರು ಹಿಂದೆಯೇ ಒಂದು ಅಡ್ಡದಾರಿ ಕಂಡುಕೊಂಡಿದ್ದರು: ಮೂಲ ಬಣ್ಣ ಹಚ್ಚಿದ ಸೈನಿಕನನ್ನು ಮರಕ್ಕೆ ಬಳಿಯುವ ಕಂದು ವಾರ್ನಿಶ್‌ನಲ್ಲಿ ಅದ್ದಿ ಕೊಡವುವುದು. ಉಳಿದ ವಾರ್ನಿಶ್ ಸಂದಿಗಳಲ್ಲಿ ನೆರಳಾಗಿ ಕೂರುತ್ತಿತ್ತು. ವಾರ್‌ಹ್ಯಾಮರ್ ಆಟದ ಒಡೆಯರಾದ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಗೇಮ್ಸ್ ವರ್ಕ್‌ಶಾಪ್ 2019ರ ಜೂನ್‌ನಲ್ಲಿ 'ಕಾಂಟ್ರಾಸ್ಟ್' ಎಂಬ ಹೆಸರಿನಲ್ಲಿ ಹುಡುಗನ ಶೀಶೆಯಲ್ಲಿದ್ದಂಥ 34 ಬಣ್ಣಗಳನ್ನು ಮಾರುಕಟ್ಟೆಗೆ ತಂದಿತು. ಮಂದವಾಗಿ ಹರಿಯುವ ಅಕ್ರಿಲಿಕ್ ದ್ರವ, ಅದರಲ್ಲಿ ಪಾರದರ್ಶಕವಾಗಿ ಉಳಿಯುವಷ್ಟೇ ಬಣ್ಣ. ಪದರ ದಪ್ಪಗಿದ್ದಲ್ಲಿ ಗಾಢ, ತೆಳುವಾದಲ್ಲಿ ತಿಳಿ. ಅಡಿಯಲ್ಲಿ ಬಿಳಿಚು ಪ್ರೈಮರ್ ಇಲ್ಲದಿದ್ದರೆ ಈ ಆಟ ನಡೆಯುವುದಿಲ್ಲ. ಮೂರು ವರ್ಷ ಕಳೆಯುವಷ್ಟರಲ್ಲಿ ಸ್ಪೇನ್, ಡೆನ್ಮಾರ್ಕ್‌ಗಳ ತಯಾರಕರೂ ಬಂದರು. ಅವರ ಬಣ್ಣಗಳಲ್ಲಿ ಒಂದು ಒಣಗಿದ ಮೇಲೂ ಒದ್ದೆ ಕುಂಚ ತಾಗಿದರೆ ಮತ್ತೆ ಕರಗಿ ಎದ್ದು ಬರುತ್ತಿತ್ತು. ಮರುವರ್ಷ ಅದನ್ನು ತಿದ್ದಿ ಹೊಸದಾಗಿ ತಂದರು. ತಪ್ಪು ಯಾವುದು, ತಿದ್ದಿದ್ದು ಯಾವಾಗ, ಎಲ್ಲಕ್ಕೂ ತಾರೀಖು ಇದೆ.

ನಮ್ಮ ಬೀದರಿನ ಬಿದರಿ ಪಾತ್ರೆಗಳ ಕಪ್ಪಿಗೆ ಅಂಥ ತಾರೀಖಿಲ್ಲ. ಮರುದಿನ ಹುಡುಗನನ್ನು ಕರೆದುಕೊಂಡು ಚೌಬಾರಾದ ಕಡೆಗೆ ಹೊರಟೆ. ಕೊಳಾರದ ಕೈಗಾರಿಕಾ ಪ್ರದೇಶದ ಔಷಧಿ ಕಾರ್ಖಾನೆಗಳನ್ನು ಹಿಂದೆ ಬಿಟ್ಟು ಊರೊಳಗೆ ಹೋದರೆ, ಚೌಬಾರಾದ ಗುಂಡು ಗೋಪುರದಿಂದ ಮಹಮೂದ್ ಗವಾನನ ಮದರಸಾದ ಕಡೆ ಹೋಗುವ ದಾರಿಯಲ್ಲಿ ಇವತ್ತಿಗೂ ಬಿದರಿ ಕೆಲಸದ ಸುತ್ತಿಗೆ ಸದ್ದು ಕೇಳುತ್ತದೆ. ಪರಿಚಯದ ಒಬ್ಬ ಹಿರಿಯ ಕಾರೀಗರರ ಕಾರ್ಖಾನೆಯಲ್ಲಿ ಕೂತೆವು. ಹತ್ತಡಿ ಕೋಣೆ, ಬಾಗಿಲ ಬೆಳಕಿಗೆ ಕೂತ ನಾಲ್ವರು.

ಬಿದರಿಯ ಲೋಹ ಮುಖ್ಯವಾಗಿ ಸತು. ಇಲ್ಲಿ ಅದಕ್ಕೆ ಜಸ್ತ್ ಅನ್ನುತ್ತಾರೆ. ಅದಕ್ಕೆ ಸ್ವಲ್ಪ ತಾಮ್ರ. ಕಾರೀಗರರು ಸಾಮಾನ್ಯವಾಗಿ ಹೇಳುವ ಲೆಕ್ಕ ಹದಿನಾರಕ್ಕೆ ಒಂದು. ಮಣ್ಣಿಗೆ ಹರಳೆಣ್ಣೆ, ರಾಳ ಬೆರೆಸಿ ಮಾಡಿದ ಅಚ್ಚಿನಲ್ಲಿ ಎರಕ ಹೊಯ್ದು, ತಣ್ಣಗಾದ ಮೇಲೆ ಅರ ಹಾಕಿ ನುಣುಪು ಮಾಡುತ್ತಾರೆ. ಆಗ ಅದು ಬೆಳ್ಳಗೆ ಹೊಳೆಯುತ್ತದೆ, ಬೆಳ್ಳಿಗೂ ಅದಕ್ಕೂ ಕಣ್ಣಿಗೆ ಭೇದ ಕಾಣದಷ್ಟು. ಬಿಳಿಯ ಮೇಲೆ ಗೆರೆ ಕಾಣುವುದಿಲ್ಲವಲ್ಲ, ಅದಕ್ಕೆ ಮೈಲುತುತ್ತದ ನೀರಿನಿಂದ ಒಮ್ಮೆ ಒರೆಸುತ್ತಾರೆ, ಮೈ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಮೊನೆಯಿಂದ ಹೂಬಳ್ಳಿ ಗೀಚಿ, ಉಳಿಯಿಂದ ಕೊರೆದು, ಕೊರೆದ ಗೀರಿನೊಳಗೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ತಂತಿಯ ಕೆಲಸ ತಾರಕಶಿ, ಆಳಕ್ಕೆ ಕೊರೆದು ತಗಡು ಕೂರಿಸಿದರೆ ತೆಹನಿಶಾನ್. ದಿನಗಳು ಹಿಡಿಯುವುದು ಇಲ್ಲೇ. ಆಮೇಲೆ ಬಫ್ ಚಕ್ರಕ್ಕೆ ಹಿಡಿದರೆ ಮೈಲುತುತ್ತದ ಕಪ್ಪು ಪೂರಾ ಹೋಗಿ ಪಾತ್ರೆ ಮತ್ತೆ ಬೆಳ್ಳಗಾಗುತ್ತದೆ. ಬೆಳ್ಳಿಯ ಹೂವು ಆ ಬಿಳಿಯಲ್ಲಿ ಮುಳುಗಿಹೋಗುತ್ತದೆ. ಅಷ್ಟು ದಿನದ ದುಡಿಮೆ ಆ ಹೊತ್ತಿನಲ್ಲಿ ಕಣ್ಣಿಗೇ ಬೀಳದು.

ಕೊನೆಗೆ ಬರುವುದು ಎರಡನೆಯ ಕಪ್ಪು. ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ ನೀರಿನಲ್ಲಿ ಕಾಯಿಸುತ್ತಾರೆ. ಬಿಸಿ ಮಾಡಿದ ಪಾತ್ರೆಗೆ ಆ ಕೆಸರನ್ನು ಸವರಿ ಉಜ್ಜುತ್ತಾರೆ, ಇಲ್ಲವೆ ಪಾತ್ರೆಯನ್ನೇ ಅದರಲ್ಲಿ ಮುಳುಗಿಸುತ್ತಾರೆ. ತೊಳೆದು ತೆಗೆದರೆ ಮೈಯೆಲ್ಲ ಕಾಡಿಗೆಗಪ್ಪು, ಹೂವೆಲ್ಲ ಬೆಳ್ಳಿ. ಕುಂಚವಿಲ್ಲ. ಗೆರೆಯ ಒಳಗೆ ಹೊರಗೆ ಎಂದು ನೋಡಿ ಹಚ್ಚುವ ಕೈಯೂ ಇಲ್ಲ. ಬಣ್ಣವೇ ಲೋಹ ನೋಡಿ ಕೂರುತ್ತದೆ.

ಹುಡುಗ ಬಾಯಿ ತೆರೆದು ನೋಡುತ್ತಿದ್ದ. "ಇದನ್ನ ನಮ್ಮ ಮನ್ಯಾಗ ಮಾಡಬಹುದಾ?" ಎಂದು ನನ್ನ ಕಿವಿಯಲ್ಲಿ ಕೇಳಿದ. ನಾವು ಹುಡುಕಾಟಕ್ಕೆ ಇಳಿದದ್ದು ಹಾಗೆ.

ಮನೆಯಲ್ಲಿ ಸತು ಎಲ್ಲಿಂದ ಬರಬೇಕು? ಹಳೆಯ ಟಾರ್ಚಿನ ಸೆಲ್ಲಿನ ಹೊರಗಿನ ಡಬ್ಬಿ ಸತುವಿನದೇ. ಒಂದು ಸೆಲ್ ಬಿಚ್ಚಿ, ಕರಿ ಪುಡಿ ತೆಗೆದು, ತಗಡನ್ನು ಮರಳು ಕಾಗದದಿಂದ ತಿಕ್ಕಿ ಬೆಳ್ಳಗೆ ಮಾಡಿದೆವು. ಅಂಗಡಿಯ ಮೈಲುತುತ್ತವನ್ನು ನೀರಿನಲ್ಲಿ ಕರಗಿಸಿ ಹತ್ತಿಯಿಂದ ಸವರಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ತಗಡು ಕಪ್ಪಾಯಿತು. ಹುಡುಗ ಚಪ್ಪಾಳೆ ತಟ್ಟಿ, ಮರುಕ್ಷಣ ಬೆರಳಿನಿಂದ ಒರೆಸಿ ನೋಡಿದ. ಕಪ್ಪು ಮಸಿಯ ಹಾಗೆ ಬೆರಳಿಗೆ ಬಂತು. ಇದು ನಾನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದ ಪಾಠ. ಸತು ತಾಮ್ರಕ್ಕಿಂತ ಚುರುಕು. ಅದು ದ್ರಾವಣಕ್ಕೆ ಇಳಿದು ಅಲ್ಲಿದ್ದ ತಾಮ್ರವನ್ನು ಹೊರಗೆ ತಳ್ಳುತ್ತದೆ. ಹಾಗೆ ಹೊರಬಿದ್ದ ತಾಮ್ರದ ಕಣಗಳು ಎಷ್ಟು ಸಣ್ಣವೆಂದರೆ ಕೆಂಪಾಗಿ ಕಾಣದೆ ಕಪ್ಪಾಗಿ ಕಾಣುತ್ತವೆ. ಮೇಲೆ ಉದುರಿ ಕೂತ ತಾಮ್ರ, ಒರೆಸಿದರೆ ಹೋಗುತ್ತದೆ. ಕಾರೀಗರರ ಮೊದಲ ಕಪ್ಪಿನ ಗುಟ್ಟು ಬಯಲಾಯಿತು.

ಎರಡನೆಯ ದಿನ ನವಸಾಗರ ಮತ್ತು, ಕೋಟೆಯ ಮಣ್ಣಿನಲ್ಲಿರುವ ಉಪ್ಪೆಂದು, ಪೆಟ್ಲುಪ್ಪು. ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ಅಲ್ಲಿಂದ ಮಣ್ಣು ತರುವ ಮಾತನ್ನು ನಾನು ಎತ್ತಗೊಡಲಿಲ್ಲ. ಹಿತ್ತಲ ಮಣ್ಣಿಗೆ ಎರಡೂ ಉಪ್ಪು ಬೆರೆಸಿ, ಅಂಗಳದಲ್ಲಿ ಕಾಯಿಸಿ, ಸತುವಿನ ತಗಡು ಇಳಿಸಿದೆವು. ಹೊರಗೆ ತೆಗೆದಾಗ ಅದು ಬೂದಿಯ ಬಣ್ಣಕ್ಕೆ ತಿರುಗಿತ್ತು. ಮತ್ತೆ ಇಳಿಸಿದೆವು. ಮತ್ತೆ ಬೂದಿ. ಪಾಲು ಹೆಚ್ಚುಕಡಿಮೆ ಮಾಡಿದೆವು, ಹೆಚ್ಚು ಹೊತ್ತು ಬಿಟ್ಟೆವು. ಕಪ್ಪು ಬರಲಿಲ್ಲ. ನನಗೆ ಮಣ್ಣಿನ ಮೇಲೆಯೇ ಅನುಮಾನ. ಕೋಟೆಯ ಮಣ್ಣೇ ಬೇಕು ಎಂದು ಬೀದರಿನಲ್ಲಿ ಎಲ್ಲರೂ ಹೇಳುತ್ತಾರಲ್ಲ.

ಮೂರನೆಯ ದಿನ ಆ ಬೂದು ತಗಡನ್ನು ಕಾರೀಗರರ ಕೈಗೇ ಕೊಟ್ಟೆ. ಅವರು ಅದನ್ನು ಉಗುರಿನಿಂದ ಕೆರೆದು, ಬಾಗಿಸಿ, ನಕ್ಕರು. "ಇದು ಬರೇ ಜಸ್ತ್ ಅದ ಸರ್. ತಾಂಬಾ ಇಲ್ಲಾಂದ್ರ ಕಾಳಾ ಬರಂಗಿಲ್ಲ" ಅಂದರು. ನಂಬಿಕೆ ಬರಲೆಂದು ತಮ್ಮದೇ ಬಾಣಲೆ ಒಲೆಗೇರಿಸಿದರು. ಅವರ ಕೋಟೆಯ ಮಣ್ಣು, ಅದೇ ನವಸಾಗರ, ಅದೇ ಬಿಸಿ. ಒಂದು ಕಡೆ ನಮ್ಮ ಸೆಲ್ಲಿನ ತಗಡು, ಇನ್ನೊಂದು ಕಡೆ ಬೆಳ್ಳಿ ತಂತಿ ಕೂರಿಸಿ ಕೆಟ್ಟುಹೋದ ಒಂದು ಬಿದರಿ ತುಂಡು. ಎರಡನ್ನೂ ಒಟ್ಟಿಗೆ ಇಳಿಸಿ ಒಟ್ಟಿಗೆ ತೆಗೆದರು. ಕೋಟೆಯ ಮಣ್ಣಿನಲ್ಲೂ ನಮ್ಮ ತಗಡು ಬೂದಾಗಿಯೇ ಉಳಿಯಿತು. ಬಿದರಿ ತುಂಡು ಕಗ್ಗಪ್ಪು, ಅದರ ಮೇಲೆ ತಂತಿ ಬೆಳ್ಳಗೆ. ಹುಡುಗ ಬೆರಳಿನಿಂದ ಒರೆಸಿದ, ಬೆರಳು ಸ್ವಚ್ಛವಾಗಿತ್ತು.

ಆ ಕ್ಷಣ ನನಗೆ ಪೂರ್ತಿ ಅರ್ಥವಾಯಿತು. ಎರಡನೆಯ ಕಪ್ಪು ಹೊರಗಿನಿಂದ ಬರುವುದೇ ಅಲ್ಲ. ನವಸಾಗರ, ಪೆಟ್ಲುಪ್ಪುಗಳು ಮೈಮೇಲಿನ ಸತುವನ್ನು ಕರಗಿಸಿ ಒಯ್ಯುತ್ತವೆ. ಅದರೊಳಗೆ ಹರಡಿಕೊಂಡಿದ್ದ ತಾಮ್ರ ಹಿಂದೆ ಉಳಿದು, ಆ ತಾಮ್ರವೇ ಹೆಚ್ಚಾದ ತೆಳು ಪದರವೊಂದು ಮೈಗೆ ಅಂಟಿಕೊಂಡು ಕಪ್ಪಾಗುತ್ತದೆ. ಬೆಳ್ಳಿಯನ್ನು ಈ ಉಪ್ಪುಗಳು ಹಾಗೆ ಕರಗಿಸಲಾರವು, ಆದ್ದರಿಂದ ಅದು ಬೆಳ್ಳಗೇ ಉಳಿಯುತ್ತದೆ. ಎರಕದ ದಿನವೇ ಆ ಕಪ್ಪು ಲೋಹದೊಳಗೆ ಸೇರಿಹೋಗಿತ್ತು. ಮಣ್ಣು ಅದನ್ನು ಹೊರಗೆ ಕರೆಯಿತು. ಇಂಗ್ಲೆಂಡಿನಲ್ಲಿ ಸೂಸನ್ ಲಾ ನೀಸ್ ಮತ್ತು ಗ್ರಹಾಂ ಮಾರ್ಟಿನ್ ಎಂಬ ಇಬ್ಬರು ಹಳೆಯ ಬಿದರಿ ವಸ್ತುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ 1987ರಲ್ಲಿ ಪ್ರಬಂಧ ಪ್ರಕಟಿಸಿದ್ದಾರೆ. ಅವರೂ ಈ ಕಪ್ಪಿನ ಬೇರನ್ನು ಮಿಶ್ರಲೋಹದ ತಾಮ್ರದಲ್ಲೇ ಕಂಡವರು. ಚೌಬಾರಾದ ಕಾರೀಗರರು ಅದನ್ನು ಒಂದು ತಗಡು ಬಾಗಿಸಿ ಹೇಳಿದರು.

ಹಾಗಾದರೆ ಮಣ್ಣಿನ ಕೆಲಸ ಏನೂ ಇಲ್ಲವೆ? ಇದೆ. ಕಾರೀಗರರು ಮಣ್ಣು ಆರಿಸುವುದು ಮಳೆ, ಬಿಸಿಲು ಕಾಣದ ಹಳೆಯ ಕಟ್ಟಡಗಳ ಒಳಮೂಲೆಗಳಿಂದ. ನಾಲಗೆಯ ಮೇಲೆ ಇಟ್ಟು ರುಚಿ ನೋಡಿ. ಇದನ್ನು ಕೇಳಿದ ಹೊರಗಿನವರು ಮಂತ್ರದ ಹಾಗೆ ಹೇಳುತ್ತಾರೆ, ಆದರೆ ಇದು ಸೊಗಸಾದ ಪರೀಕ್ಷೆ. ಬಾವಲಿ, ಪಾರಿವಾಳ, ದನಗಳ ಹಿಕ್ಕೆ ಸಗಣಿ ಬಿದ್ದ ಸುಣ್ಣದ ಗೋಡೆಗಳ ಬುಡದಲ್ಲಿ ಸೂಕ್ಷ್ಮಜೀವಿಗಳು ಕಾಲಾಂತರದಲ್ಲಿ ಪೆಟ್ಲುಪ್ಪಿನಂಥ ನೈಟ್ರೇಟ್ ಉಪ್ಪನ್ನು ಬೆಳೆಸುತ್ತವೆ. ನೈಟ್ರೇಟ್‌ಗಳು ನೀರಿನಲ್ಲಿ ಚೆನ್ನಾಗಿ ಕರಗುವುದರಿಂದ ಒಂದು ಒಳ್ಳೆಯ ಮಳೆ ಸಾಕು, ಕೊಚ್ಚಿಹೋಗುತ್ತವೆ. ಮಳೆ ಬೀಳದ ಮೂಲೆಯೇ ಬೇಕಾಗುವುದು ಅದಕ್ಕೆ. ಪೆಟ್ಲುಪ್ಪು ಕರಗುವಾಗ ಸುತ್ತಲಿನ ಶಾಖ ಹೀರುತ್ತದೆ. ಬರಿಯ ಉಪ್ಪಿನ ರುಚಿಯ ಜೊತೆಗೆ ನಾಲಗೆಗೆ ತಣ್ಣಗೆ ತಾಗುತ್ತದೆ. ನಾಲಗೆ ಅಳೆಯುವುದು ಇದನ್ನೇ. ಮದ್ದಿನ ಮನೆಗೆ ಬೇಕಾದ ಪೆಟ್ಲುಪ್ಪನ್ನು ಹಿಂದಿನವರು ತೆಗೆಯುತ್ತಿದ್ದದ್ದೂ ಇಂಥ ಮಣ್ಣಿನಿಂದ. ತೋಪಿನ ಮದ್ದಿಗೂ ಬೆಳ್ಳಿಯ ಹೂವಿಗೂ ಒಂದೇ ಮಣ್ಣು.

ಹಾಗಾದರೆ ಈ ಕಪ್ಪನ್ನು ಕಂಡುಹಿಡಿದವರು ಯಾರು? ಇರಾನಿನಿಂದ ಬಂದ ಅಬ್ದುಲ್ಲಾ ಬಿನ್ ಕೈಸರ್ ಎಂಬ ಕುಶಲಕರ್ಮಿಯನ್ನು ಬಹಮನಿ ಸುಲ್ತಾನ ಅಹ್ಮದ್ ಷಾ ಕರೆಸಿಕೊಂಡ, ಅವನಿಂದ ಈ ಕೆಲಸ ಶುರುವಾಯಿತು ಎಂಬುದು ಬೀದರಿನ ಪರಂಪರೆಯ ಮಾತು. ಗುಲ್ಬರ್ಗದಿಂದ ರಾಜಧಾನಿಯನ್ನು ಇಲ್ಲಿಗೆ ತಂದವನು ಅದೇ ಸುಲ್ತಾನ, 15ನೇ ಶತಮಾನದ ಮೊದಲ ಭಾಗದಲ್ಲಿ. ಆದರೆ ಇಂದು ಉಳಿದಿರುವ ಹಳೆಯ ಬಿದರಿ ಪಾತ್ರೆಗಳನ್ನು ತಜ್ಞರು 17ನೇ ಶತಮಾನದ ಆಸುಪಾಸಿಗೆ ಸೇರಿಸುತ್ತಾರೆ. ನಡುವಿನ ಕಾಲಕ್ಕೆ ಸಾಕ್ಷಿ ಹೇಳುವ ಪಾತ್ರೆಯಿಲ್ಲ. ಲೋಹದ ಮೇಲೆ ಬೆಳ್ಳಿ ಕೂರಿಸುವ ಕೈಚಳಕ ಪಶ್ಚಿಮದಿಂದ ಬಂದಿರಬಹುದು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಸತು ಬೇಕಲ್ಲ. ಅದಿರಿನಿಂದ ಸತು ಬಿಡಿಸಲು ಸಾವಿರ ಡಿಗ್ರಿಗೂ ಮೀರಿದ ಬಿಸಿ ಬೇಕು, ಸತುವೋ 907 ಡಿಗ್ರಿಗೇ ಆವಿಯಾಗಿ ಹಾರಿಹೋಗುತ್ತದೆ. ಆ ಆವಿಯನ್ನು ಹಿಡಿಯುವ ದಾರಿ ಕಂಡವರು ರಾಜಸ್ಥಾನದ ಉದಯಪುರದ ಹತ್ತಿರದ ಜಾವರ್‌ನವರು. ಬದನೆಕಾಯಿ ಆಕಾರದ ಮಣ್ಣಿನ ಕೊಳವೆಪಾತ್ರೆಗಳನ್ನು ತಲೆಕೆಳಗಾಗಿ ಸಾಲಿಗೆ ನಿಲ್ಲಿಸಿ, ಆವಿಯನ್ನು ಕೆಳಕ್ಕೆ ಇಳಿಸಿ ತಣಿಸುತ್ತಿದ್ದರು. ಯುರೋಪಿನಲ್ಲಿ ವಿಲಿಯಂ ಚಾಂಪಿಯನ್ ಇದಕ್ಕೆ ಪೇಟೆಂಟ್ ಪಡೆದದ್ದು 1738ರಲ್ಲಿ, ಜಾವರ್‌ನ ಒಲೆಗಳು ಹೊತ್ತಿ ಶತಮಾನಗಳಾದ ಮೇಲೆ. ಬಿದರಿ ಹುಟ್ಟಬೇಕಾದರೆ ಸತು ಮೊದಲು ಹುಟ್ಟಬೇಕಿತ್ತು.

ಕಪ್ಪಿನ ವಿಧಾನವನ್ನು ಅಳತೆ ಸಮೇತ ಇಂಗ್ಲಿಷಿನಲ್ಲಿ ಬರೆದವರಲ್ಲಿ ಮೊದಲಿಗರ ಸಾಲಿನವನು ಬೆಂಜಮಿನ್ ಹೈನ್. ಈಸ್ಟ್ ಇಂಡಿಯಾ ಕಂಪನಿಯ ಸಸ್ಯವಿಜ್ಞಾನಿ. ನಮ್ಮ ಲಾಲ್‌ಬಾಗಿನ ಉಸ್ತುವಾರಿಯನ್ನೂ ಕೆಲಕಾಲ ನೋಡಿದವನು. 1814ರಲ್ಲಿ ಅಚ್ಚಾದ ಅವನ ಪುಸ್ತಕದ ಲೆಕ್ಕ ಹೀಗಿದೆ: 16 ಔನ್ಸ್ ತಾಮ್ರ, 4 ಔನ್ಸ್ ಸೀಸ, 2 ಔನ್ಸ್ ತವರ ಕೂಡಿಸಿ ಕರಗಿಸಬೇಕು, ಆ ಮಿಶ್ರಣದ ಪ್ರತಿ 3 ಔನ್ಸಿಗೆ 16 ಔನ್ಸ್ ಸತು. ಕಪ್ಪಿಗೆ ನವಸಾಗರ, ಪೆಟ್ಲುಪ್ಪು, ಅಡುಗೆ ಉಪ್ಪು, ಮೈಲುತುತ್ತ. ಅವನ ಪಟ್ಟಿಯಲ್ಲಿ ಪೆಟ್ಲುಪ್ಪೂ ಇದೆ, ತಾಮ್ರವೂ ಇದೆ. ಕಣ್ಣಿಟ್ಟು ನೋಡಿ ಬರೆದಿದ್ದಾನೆ ಎಂಬುದಕ್ಕೆ ಅಷ್ಟು ಸಾಕು.

ಇನ್ನು ನನ್ನ ಊಹೆ, ಊಹೆಯೆಂದೇ ಓದಬೇಕು. ಕಲಾಯಿ ಹಾಕುವವರನ್ನು ನೋಡಿದವರಿಗೆ ಗೊತ್ತು: ಪಾತ್ರೆಯ ಮೈ ಶುದ್ಧವಾಗಲೆಂದು ಬಿಸಿ ತಾಮ್ರದ ಮೇಲೆ ಅವರು ಎರಚುವ ಬಿಳಿಪುಡಿ ನವಸಾಗರವೇ. ಲೋಹದ ಕೆಲಸದ ಪ್ರತಿ ಮನೆಯಲ್ಲೂ ಅದು ಕೈಗೆಟುಕುವಲ್ಲಿ ಇರುತ್ತಿತ್ತು. ಪಾತ್ರೆಯನ್ನು ಮಣ್ಣಿನಿಂದ ಬೆಳಗುವುದು ನಮ್ಮಲ್ಲಿ ನಿನ್ನೆ ಮೊನ್ನೆಯವರೆಗೂ ಇತ್ತು. ಬೆಳ್ಳಿ ಕೂರಿಸಿದ, ತಾಮ್ರ ಬೆರೆತ ಸತುವಿನ ಪಾತ್ರೆಯೊಂದನ್ನು ಯಾರೋ ಬೆಳ್ಳಗೆ ಮಾಡಲೆಂದು ನವಸಾಗರ ಹಾಕಿ, ಬಿಸಿಯಿದ್ದಾಗಲೇ ಹಳೆ ಗೋಡೆಯ ಮಣ್ಣಿನಿಂದ ತಿಕ್ಕಿರಬೇಕು. ಪಾತ್ರೆ ಕರ್ರಗಾಯಿತು. ಅಲ್ಲಿಯವರೆಗೆ ಅದು ಅಪಘಾತ. ಕೆಟ್ಟಿತೆಂದು ಕುಲುಮೆಗೆ ಎಸೆಯದೆ, ಬೆಳ್ಳಿ ಮಾತ್ರ ಕರ್ರಗಾಗಲಿಲ್ಲವಲ್ಲ ಎಂದು ನಿಂತು ನೋಡಿದ ಕಣ್ಣು ಇದೆಯಲ್ಲ, ಕಂಡುಹಿಡಿದವರು ಅವರು. ಗಂಡಸೋ ಹೆಂಗಸೋ, ಯಜಮಾನನೋ ಪಾತ್ರೆ ತೊಳೆಯಲು ಬಂದ ಕೂಲಿಯೋ. ಹೆಸರಿಲ್ಲದ ಅವರಿಗೆ ನಾನು ಯಾವ ವಿಜ್ಞಾನಿಗೂ ಕಡಿಮೆಯಿಲ್ಲದ ಮರ್ಯಾದೆ ಕೊಡುತ್ತೇನೆ.

ರಜೆ ಮುಗಿಯುವ ಹಿಂದಿನ ಸಂಜೆ ಕಾರೀಗರರು ಹುಡುಗನಿಗೆ ಒಂದು ಪುಟ್ಟ ಬಿದರಿ ಆನೆ ಕೊಟ್ಟರು. ಸೊಂಡಿಲಿನ ಎರಕದಲ್ಲಿ ಗುಳಿ ಬಿದ್ದು ಮಾರಾಟಕ್ಕೆ ಹೋಗದೆ ಉಳಿದದ್ದು. ದುಡ್ಡು ತೆಗೆದುಕೊಳ್ಳಲಿಲ್ಲ. ಅವನು ಅದನ್ನು ಮೇಜಿನ ಮೇಲೆ ತನ್ನ ಈಟಿಗಾರರ ಹಿಂದೆ ನಿಲ್ಲಿಸಿದ. ಕಂದು ಕುದುರೆಯ ಪಕ್ಕ ಕಪ್ಪು ಆನೆ. ಕುದುರೆ ಇನ್ನೂ ಚೆಂದವೇ. ನಾಟಿಂಗ್‌ಹ್ಯಾಮಿನ ಬಣ್ಣ ಗುಂಡಿ ಹುಡುಕುತ್ತದೆ, ಬೀದರಿನದು ಲೋಹ ಹುಡುಕುತ್ತದೆ. ಒಂದಕ್ಕೆ ಬಿಳಿಚು ಪ್ರೈಮರ್ ಬೇಕು, ಇನ್ನೊಂದಕ್ಕೆ ತಾಮ್ರ. ಅಡಿಯ ಕೆಲಸ ಸರಿಯಾಗದೆ ಮೇಲಿನ ಕೈ ಎರಡರಲ್ಲೂ ನಿಲ್ಲುವುದಿಲ್ಲ. ಇದನ್ನು ಅವನೇ ಹೇಳಿದ, ನಾನು ಹೇಳಿಕೊಟ್ಟದ್ದಲ್ಲ.

ಬಿದರಿಗೆ 2006ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಇಡೀ ಊರು ತನಗೇ ಬಂದಷ್ಟು ಸಂತೋಷಪಟ್ಟಿತು. ಆದರೂ ಎಷ್ಟೋ ಮನೆಗಳಲ್ಲಿ ಮದುವೆಗೆ, ನಿವೃತ್ತಿಗೆ ಉಡುಗೊರೆಯಾಗಿ ಬಂದ ಬಿದರಿ ಹೂದಾನಿ ಬೂದಾಗಿ, ಅರ್ಧ ಬಿಳಿಚಿಕೊಂಡು ಮೂಲೆಯಲ್ಲಿರುವುದನ್ನು ನೋಡಿದ್ದೇನೆ. ಕಪ್ಪನ್ನು ಕೊಳೆಯೆಂದು ತಿಳಿದು ತಿಕ್ಕಿ ತೆಗೆದ ಗುರುತು ಅದು. ನಿಮ್ಮ ಮನೆಯಲ್ಲಿ ಬಿದರಿ ಇದ್ದರೆ ದಯವಿಟ್ಟು ಹುಣಸೆಹಣ್ಣು, ನಿಂಬೆಹುಳಿ, ಹಿತ್ತಾಳೆ ಬೆಳಗುವ ಪುಡಿ ಯಾವುದನ್ನೂ ತಾಗಿಸಬೇಡಿ. ಮೆತ್ತನೆಯ ಹಳೆಬಟ್ಟೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಾಕಿ ಮೆಲ್ಲಗೆ ಒರೆಸಿ, ಒಣಬಟ್ಟೆಯಿಂದ ತೆಗೆದಿಡಿ. ಅಷ್ಟು ಸಾಕು.